ಬಳ್ಳಾರಿಯ ಜೆರಾಕ್ಸ್ ಅಂಗಡಿಗಳ ‘ಇನ್ವರ್ಸ್ ಟ್ರಿಗ್ನಾಮೆಟ್ರಿ’ ನೋಟ್ಸ್: ಕೊಳ್ಳಿ, ಆದರೆ ಪೆನ್ನು ಹಿಡಿದೇ ಓದಿ

ಬಳ್ಳಾರಿಯ ಕಾಲೇಜುಗಳ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ ದ್ವಿತೀಯ ಪಿಯುಸಿ ಗಣಿತದ ಎರಡನೇ ಅಧ್ಯಾಯಕ್ಕೆಂದೇ ಒಂದು ಕೈಬರಹದ ನೋಟ್ಸ್ ಸಿಗುತ್ತದೆ. ಬರೆದವರ ಹೆಸರಿಲ್ಲ, ಸಂಸ್ಥೆಯ ಹೆಸರೂ ಇಲ್ಲ. ಸುಮಾರು 60 ಪುಟ, ಸ್ಪೈರಲ್ ಹಾಕಿಸಿ ₹120. ಸೈನ್ ಇನ್ವರ್ಸ್, ಕಾಸ್ ಇನ್ವರ್ಸ್, ಟ್ಯಾನ್ ಇನ್ವರ್ಸ್‌ಗಳು ಬೇರೊಂದು ತ್ರಿಕೋನಮಿತಿ ಫಲನದ ಒಳಗೋ ಹೊರಗೋ ಕೂತಾಗ ಆ ಸಂಯುಕ್ತ ಫಲನವನ್ನು ನಿತ್ಯಸಮೀಕರಣ ಬಳಸಿ ಸರಳಗೊಳಿಸುವುದು ಹೇಗೆ ಎನ್ನುವುದೇ ಇದರ ಮುಕ್ಕಾಲು ಪಾಲು.

ತೀರ್ಮಾನ ಮೊದಲೇ ಹೇಳುತ್ತೇವೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ. ವಿಧಾನ ಹೇಳಿಕೊಡುವುದರಲ್ಲಿ ಈ ನೋಟ್ಸ್ ಗಟ್ಟಿಯಾಗಿದೆ. ಯಾವ ರೂಪ ಕಂಡರೆ ಯಾವ ಬದಲಿ ಹಾಕಬೇಕು ಎಂಬುದನ್ನು ಇಷ್ಟು ಚೊಕ್ಕವಾಗಿ ಹೇಳುವ ಸಾಮಗ್ರಿ ಕಡಿಮೆ. ಆದರೆ ಸರಳಗೊಳಿಸಿದ ಉತ್ತರದ ಪಕ್ಕದಲ್ಲಿ ಇರಲೇಬೇಕಾದ ಷರತ್ತನ್ನು, ಅಂದರೆ ಎಕ್ಸ್‌ನ ಯಾವ ಬೆಲೆಗಳಿಗೆ ಆ ಉತ್ತರ ನಿಲ್ಲುತ್ತದೆ ಎಂಬುದನ್ನು, ಮುಖ್ಯವಾದ ಜಾಗಗಳಲ್ಲೇ ಬಿಟ್ಟುಬಿಟ್ಟಿದೆ. ಈ ಅಧ್ಯಾಯದಲ್ಲಿ ಷರತ್ತಿಲ್ಲದ ಸೂತ್ರ ಅರ್ಧ ಸೂತ್ರ. ಹಾಗಾಗಿ ಎಲ್ಲೆಲ್ಲಿ ಏನು ಸೇರಿಸಿಕೊಳ್ಳಬೇಕು ಎಂಬುದನ್ನೂ ಇಲ್ಲೇ ಕೊಟ್ಟಿದ್ದೇವೆ.

ಮೊದಲ ಪುಟಗಳಲ್ಲಿ ಆರೂ ವಿಲೋಮ (ಇನ್ವರ್ಸ್, ⁻¹ ಎಂದು ಬರೆಯುವ) ಫಲನಗಳ ಡೊಮೇನ್ (ಒಳಗೆ ಹಾಕಬಹುದಾದ ಬೆಲೆಗಳು), ರೇಂಜ್ (ಹೊರಬರುವ ಬೆಲೆಗಳು) ಕೋಷ್ಟಕವಿದೆ. ಸರಿಯಾಗಿದೆ, ಪಠ್ಯಪುಸ್ತಕಕ್ಕೆ ಹೊಂದುತ್ತದೆ. ಸೈನ್⁻¹ ಮತ್ತು ಕೊಸೆಕ್⁻¹ ಬೆಲೆಗಳು −ಪೈ/2 ರಿಂದ ಪೈ/2 ರ ನಡುವೆ (ಕೊಸೆಕ್⁻¹‌ಗೆ ಸೊನ್ನೆ ಬಿಟ್ಟು), ಟ್ಯಾನ್⁻¹ ಅದೇ ಅಂತರದಲ್ಲಿ ಆದರೆ ಎರಡೂ ತುದಿ ಸೇರದೆ, ಕಾಸ್⁻¹ ಮತ್ತು ಸೆಕ್⁻¹ ಸೊನ್ನೆಯಿಂದ ಪೈ ವರೆಗೆ (ಸೆಕ್⁻¹‌ಗೆ ಪೈ/2 ಬಿಟ್ಟು), ಕಾಟ್⁻¹ ಸೊನ್ನೆ ಮತ್ತು ಪೈ ನಡುವೆ. ಕಾಟ್⁻¹ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕಿತ್ತು, ಅದಿಲ್ಲ. ಕ್ಯಾಲ್ಕುಲೇಟರಿನಲ್ಲಿ ಕಾಟ್⁻¹ ಗುಂಡಿ ಇರುವುದಿಲ್ಲವಾದ್ದರಿಂದ ಹುಡುಗರು 1/ಎಕ್ಸ್ ಮಾಡಿ ಟ್ಯಾನ್⁻¹ ಒತ್ತುತ್ತಾರೆ. ಕಾಟ್⁻¹(−1)‌ಗೆ ಹಾಗೆ ಒತ್ತಿದರೆ −ಪೈ/4 ಬರುತ್ತದೆ; ನಮ್ಮ ಪಠ್ಯದ ಪ್ರಕಾರ ಉತ್ತರ 3ಪೈ/4. ಎಕ್ಸ್ ಋಣವಾದಾಗ ಬಂದ ಉತ್ತರಕ್ಕೆ ಪೈ ಕೂಡಿಸಬೇಕು. ಕೋಷ್ಟಕದ ಕೆಳಗೆ ಇದನ್ನು ಬರೆದಿಟ್ಟುಕೊಳ್ಳಿ.

ಮುಂದಿನದು ತ್ರಿಭುಜದ ವಿಧಾನ. ಹೊರಗೆ ತ್ರಿಕೋನಮಿತಿ ಫಲನ, ಒಳಗೆ ವಿಲೋಮ ಫಲನ ಇದ್ದಾಗ ಇದು ಕೈಹಿಡಿಯುತ್ತದೆ. ಸೈನ್(ಕಾಸ್⁻¹ ಎಕ್ಸ್) ಬೇಕೆಂದರೆ ಕಾಸ್⁻¹ ಎಕ್ಸ್ = ಥೀಟಾ ಎಂದಿಟ್ಟುಕೊಳ್ಳಿ. ಆಗ ಕಾಸ್ ಥೀಟಾ = ಎಕ್ಸ್/1. ಲಂಬಕೋನ ತ್ರಿಭುಜದಲ್ಲಿ ವಿಕರ್ಣ 1, ಪಕ್ಕದ ಬಾಹು ಎಕ್ಸ್, ಪೈಥಾಗರಸ್ ಪ್ರಕಾರ ಎದುರಿನ ಬಾಹು √(1 − ಎಕ್ಸ್²). ಆದ್ದರಿಂದ ಉತ್ತರ √(1 − ಎಕ್ಸ್²). ನೋಟ್ಸ್‌ನಲ್ಲಿ ಪ್ರತಿ ಲೆಕ್ಕಕ್ಕೂ ಸಣ್ಣ ತ್ರಿಭುಜ ಬರೆದು ಮೂರೂ ಬಾಹುಗಳ ಮೇಲೆ ಅಳತೆ ನಮೂದಿಸಿದ್ದಾರೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು ಕಡೆಯಿಂದ ಬಸ್ಸಿಗೆ ಬಂದುಹೋಗುವ ಮಕ್ಕಳಿಗೆ ಈ ಪುಟಗಳು ಬಹಳ ಅನುಕೂಲ. ವಿವರಣೆಯೆಲ್ಲ ಕನ್ನಡದಲ್ಲಿದೆ, ಸೂತ್ರಗಳು ಮಾತ್ರ ಪರೀಕ್ಷೆಯಲ್ಲಿ ಬರೆಯಬೇಕಾದ ರೂಪದಲ್ಲೇ ಇವೆ.

ಇದೇ ವಿಧಾನದಿಂದ ಸೈನ್(ಟ್ಯಾನ್⁻¹ ಎಕ್ಸ್) = ಎಕ್ಸ್/√(1 + ಎಕ್ಸ್²), ಕಾಸ್(ಟ್ಯಾನ್⁻¹ ಎಕ್ಸ್) = 1/√(1 + ಎಕ್ಸ್²), ಟ್ಯಾನ್(ಕಾಸ್⁻¹ ಎಕ್ಸ್) = √(1 − ಎಕ್ಸ್²)/ಎಕ್ಸ್ ಎಲ್ಲವೂ ಹೊರಡುತ್ತವೆ. ದ್ವಿಗುಣ ಕೋನದ ಸೂತ್ರ ಸೇರಿಸಿ ಕಾಸ್(2 ಸೈನ್⁻¹ ಎಕ್ಸ್) = 1 − 2ಎಕ್ಸ್² ಎಂದು ತೋರಿಸಿದ್ದಾರೆ. ಇಲ್ಲಿ ತ್ರಿಭುಜವೂ ಬೇಡ, ಕಾಸ್ 2ಥೀಟಾ = 1 − 2 ಸೈನ್² ಥೀಟಾ ಎಂಬುದನ್ನು ನೇರವಾಗಿ ಹಾಕಿದರೆ ಒಂದೇ ಸಾಲು. ಇದನ್ನು ಅವರೂ ಹೇಳಿದ್ದಾರೆ, ಮೆಚ್ಚತಕ್ಕದ್ದು.

ತೊಂದರೆ ಶುರುವಾಗುವುದು ಚಿಹ್ನೆಯಲ್ಲಿ. ತ್ರಿಭುಜದ ಬಾಹುಗಳು ಯಾವಾಗಲೂ ಧನ. ಎಕ್ಸ್ ಮಾತ್ರ ಋಣವೂ ಆಗಬಹುದು. ವರ್ಗಮೂಲದ ಮುಂದೆ ಕೂಡು ಚಿಹ್ನೆ ಇರಬೇಕೋ ಕಳೆಯುವ ಚಿಹ್ನೆಯೋ ಎಂಬುದನ್ನು ತ್ರಿಭುಜ ಹೇಳುವುದಿಲ್ಲ, ರೇಂಜ್ ಹೇಳುತ್ತದೆ. ಸೈನ್(ಕಾಸ್⁻¹ ಎಕ್ಸ್)‌ನಲ್ಲಿ ಥೀಟಾ ಸೊನ್ನೆಯಿಂದ ಪೈ ಒಳಗಿದೆ, ಅಲ್ಲಿ ಸೈನ್ ಎಂದೂ ಋಣವಾಗುವುದಿಲ್ಲ, ಅದಕ್ಕೇ ಧನ ವರ್ಗಮೂಲ. ಕಾಸ್(ಸೈನ್⁻¹ ಎಕ್ಸ್)‌ನಲ್ಲಿ ಥೀಟಾ −ಪೈ/2 ರಿಂದ ಪೈ/2 ಒಳಗೆ, ಅಲ್ಲಿ ಕಾಸ್ ಋಣವಾಗದು, ಮತ್ತೆ ಧನ. ಈ ಎರಡರಲ್ಲೂ ಅದೃಷ್ಟಕ್ಕೆ ತ್ರಿಭುಜ ಕೊಟ್ಟ ಉತ್ತರವೇ ಸರಿಯಾಗುತ್ತದೆ. ನೋಟ್ಸ್‌ನಲ್ಲಿ ಈ ಕಾರಣದ ಸಾಲೇ ಇಲ್ಲ. ಓದುವವರಿಗೆ ತ್ರಿಭುಜವೊಂದೇ ಸಾಕು ಎನ್ನಿಸಿಬಿಡುತ್ತದೆ.

ಸಾಲದು ಎಂಬುದಕ್ಕೆ ಅದೇ ಪುಟದ ಕೊನೆಯ ಲೆಕ್ಕವೇ ಸಾಕ್ಷಿ: ಟ್ಯಾನ್(ಸೆಕ್⁻¹ ಎಕ್ಸ್). ವಿಕರ್ಣ ಎಕ್ಸ್, ಪಕ್ಕದ ಬಾಹು 1, ಎದುರಿನದು √(ಎಕ್ಸ್² − 1). ಆದ್ದರಿಂದ ಉತ್ತರ √(ಎಕ್ಸ್² − 1) ಎಂದು ಮುಗಿಸಿದ್ದಾರೆ. ಎಕ್ಸ್ = −2 ಹಾಕಿ ನೋಡಿ. ಸೆಕ್⁻¹(−2) = 2ಪೈ/3. ಟ್ಯಾನ್ 2ಪೈ/3 = −√3. ಸೂತ್ರ ಕೊಡುವುದು +√3. ಥೀಟಾ ಪೈ/2 ರಿಂದ ಪೈ ನಡುವೆ ಬಿದ್ದಾಗ ಟ್ಯಾನ್ ಋಣವಾಗುತ್ತದೆ, ಎಕ್ಸ್ −1 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಥೀಟಾ ಇರುವುದು ಅಲ್ಲೇ. ಆದ್ದರಿಂದ ಸರಿಯಾದ ಉತ್ತರ ಎರಡು ತುಂಡು: ಎಕ್ಸ್ ≥ 1 ಆದರೆ √(ಎಕ್ಸ್² − 1), ಎಕ್ಸ್ ≤ −1 ಆದರೆ −√(ಎಕ್ಸ್² − 1). ಹಿಂಬದಿಯ ಉತ್ತರ ಪಟ್ಟಿಯಲ್ಲೂ ಟ್ಯಾನ್(ಸೆಕ್⁻¹(−2))‌ಗೆ √3 ಎಂದೇ ಅಚ್ಚಾಗಿದೆ. ಎರಡೂ ಕಡೆ ತಿದ್ದಿಕೊಳ್ಳಿ. ಟ್ಯಾನ್(ಕಾಸ್⁻¹ ಎಕ್ಸ್)‌ನಲ್ಲಿ ಈ ಪೇಚಿಲ್ಲ. ಛೇದದಲ್ಲಿರುವ ಎಕ್ಸ್ ತನ್ನ ಚಿಹ್ನೆಯನ್ನು ತಾನೇ ತರುತ್ತದೆ. ಎಕ್ಸ್ = −3/5 ಹಾಕಿದರೆ −4/3, ಅದು ಸರಿ.

ಈಗ ಕ್ರಮ ತಿರುಗಿಸೋಣ: ಹೊರಗೆ ವಿಲೋಮ ಫಲನ, ಒಳಗೆ ತ್ರಿಕೋನಮಿತಿ ಫಲನ. ಸೈನ್⁻¹(ಸೈನ್ ಎಕ್ಸ್) = ಎಕ್ಸ್ ಎಂದು ಒಂದು ಡಬ್ಬಿಯೊಳಗೆ ದೊಡ್ಡದಾಗಿ ಬರೆದಿದ್ದಾರೆ. ಷರತ್ತು ಇದೆ, ಆದರೆ ಪುಟದ ಅಡಿಯಲ್ಲಿ, ಚಿಕ್ಕ ಅಕ್ಷರದಲ್ಲಿ. ಇದು ಡಬ್ಬಿಯೊಳಗೇ ಇರಬೇಕಿತ್ತು. ಎಕ್ಸ್ −ಪೈ/2 ಮತ್ತು ಪೈ/2 ನಡುವೆ ಇದ್ದರಷ್ಟೇ ಈ ಮಾತು ನಿಜ. ಸೈನ್⁻¹(ಸೈನ್ 2ಪೈ/3) = ಪೈ/3, ಕಾಸ್⁻¹(ಕಾಸ್ 7ಪೈ/6) = 5ಪೈ/6, ಟ್ಯಾನ್⁻¹(ಟ್ಯಾನ್ 3ಪೈ/4) = −ಪೈ/4 ಎಂಬ ಮಾಮೂಲಿ ಲೆಕ್ಕಗಳನ್ನು ಸರಿಯಾಗಿಯೇ ಬಿಡಿಸಿದ್ದಾರೆ. ಎಡವಿರುವುದು ಡಿಗ್ರಿ ಚಿಹ್ನೆಯಿಲ್ಲದ ಬರಿಯ ಸಂಖ್ಯೆ ಬಂದಾಗ. ಸೈನ್⁻¹(ಸೈನ್ 10)‌ಗೆ ಉತ್ತರ ಪಟ್ಟಿ 10 ಎನ್ನುತ್ತದೆ.

ಇಲ್ಲಿ 10 ಎಂದರೆ 10 ರೇಡಿಯನ್. ಸೈನ್⁻¹ ಕೊಡುವ ದೊಡ್ಡ ಬೆಲೆಯೇ ಪೈ/2, ಅಂದರೆ ಸುಮಾರು 1.571. ಹತ್ತು ಉತ್ತರವಾಗಲು ಸಾಧ್ಯವೇ ಇಲ್ಲ. ಮಾಡಬೇಕಾದದ್ದು ಇಷ್ಟು: ಸೈನ್ ಬೆಲೆ ಬದಲಾಗದಂತೆ 10 ನ್ನು ರೇಂಜಿನ ಒಳಗೆ ತರಬೇಕು. ಸೈನ್(ಪೈ − ಥೀಟಾ) = ಸೈನ್ ಥೀಟಾ, ಅದಕ್ಕೆ 2ಪೈ ಕೂಡಿಸಿದರೂ ಬೆಲೆ ಅದೇ, ಹಾಗಾಗಿ ಸೈನ್(3ಪೈ − 10) = ಸೈನ್ 10. 3ಪೈ ಸುಮಾರು 9.425, 3ಪೈ − 10 ಸುಮಾರು −0.575, ರೇಂಜಿನೊಳಗಿದೆ. ಉತ್ತರ 3ಪೈ − 10. ಇದೇ ಹತ್ತಕ್ಕೆ ಕಾಸ್⁻¹(ಕಾಸ್ 10) ಕೇಳಿದರೆ ದಾರಿ ಬೇರೆ: ಕಾಸ್(2ಪೈ − ಥೀಟಾ) = ಕಾಸ್ ಥೀಟಾ ಆದ್ದರಿಂದ 4ಪೈ − 10, ಸುಮಾರು 2.566, ಸೊನ್ನೆ ಮತ್ತು ಪೈ ನಡುವೆ. ಟ್ಯಾನ್⁻¹(ಟ್ಯಾನ್ 10) ಕೇಳಿದರೆ ಪೈನ ಪೂರ್ಣ ಗುಣಕವನ್ನು ಕಳೆಯುವುದಷ್ಟೇ: 10 − 3ಪೈ. ಮೂರೂ ಉತ್ತರ ಬೇರೆ ಬೇರೆ. ಈ ಮೂರನ್ನು ಒಟ್ಟಿಗೆ ಬಿಡಿಸಿದ ಮಕ್ಕಳಿಗೆ ರೇಂಜ್ ಯಾಕೆ ಬೇಕು ಎಂದು ಮತ್ತೆ ವಿವರಿಸಬೇಕಾಗಿಲ್ಲ.

ಉತ್ತರ ಪಟ್ಟಿಯಲ್ಲಿ 10 ಹೇಗೆ ಬಂತೆಂದು ಊಹಿಸುವುದು ಕಷ್ಟವಲ್ಲ. ಸೈಂಟಿಫಿಕ್ ಕ್ಯಾಲ್ಕುಲೇಟರ್ ಡಿಗ್ರಿ ಮೋಡ್‌ನಲ್ಲಿದ್ದರೆ ಸೈನ್⁻¹(ಸೈನ್ 10) ಒತ್ತಿದಾಗ 10 ಎಂದೇ ತೋರಿಸುತ್ತದೆ, ಏಕೆಂದರೆ 10 ಡಿಗ್ರಿ −90 ರಿಂದ 90 ಡಿಗ್ರಿಯೊಳಗೇ ಇದೆ. ರೇಡಿಯನ್ ಮೋಡ್‌ಗೆ ಹಾಕಿ ಒತ್ತಿ, −0.575 ಬರುತ್ತದೆ. ಮನೆಯಲ್ಲಿ ಉತ್ತರ ತಾಳೆ ನೋಡುವಾಗ ಪರದೆಯ ಮೇಲ್ಭಾಗದ ಸೂಚನೆಯನ್ನು ಮೊದಲು ನೋಡಬೇಕು.

ಇನ್ನು ನೋಟ್ಸ್‌ನ ಜೀವಾಳ: ಬದಲಿಗಳ ಕೋಷ್ಟಕ. √(ಎ² − ಎಕ್ಸ್²) ಕಂಡರೆ ಎಕ್ಸ್ = ಎ ಸೈನ್ ಥೀಟಾ. √(ಎ² + ಎಕ್ಸ್²) ಕಂಡರೆ ಎಕ್ಸ್ = ಎ ಟ್ಯಾನ್ ಥೀಟಾ. √(ಎಕ್ಸ್² − ಎ²) ಕಂಡರೆ ಎಕ್ಸ್ = ಎ ಸೆಕ್ ಥೀಟಾ. √((1 − ಎಕ್ಸ್)/(1 + ಎಕ್ಸ್)) ಅಥವಾ √(1 + ಎಕ್ಸ್) ಮತ್ತು √(1 − ಎಕ್ಸ್) ಜೊತೆಯಾಗಿ ಬಂದರೆ ಎಕ್ಸ್ = ಕಾಸ್ 2ಥೀಟಾ. 3ಎಕ್ಸ್ − 4ಎಕ್ಸ್³‌ಗೆ ಸೈನ್, 4ಎಕ್ಸ್³ − 3ಎಕ್ಸ್‌ಗೆ ಕಾಸ್, (3ಎಕ್ಸ್ − ಎಕ್ಸ್³)/(1 − 3ಎಕ್ಸ್²)‌ಗೆ ಟ್ಯಾನ್. ಎಲ್ಲವೂ ಒಂದೇ ಪುಟದಲ್ಲಿದೆ, ಪ್ರತಿಯೊಂದರ ಪಕ್ಕದಲ್ಲಿ ಯಾವ ನಿತ್ಯಸಮೀಕರಣದಿಂದ ವರ್ಗಮೂಲ ಹೋಗುತ್ತದೆ ಎಂಬ ಕಾರಣವೂ ಇದೆ. ಬಾಯಿಪಾಠಕ್ಕೆ ಬಿಡದೆ ಕಾರಣ ಬರೆದಿದ್ದಾರೆ, ಇದೊಂದು ಪುಟಕ್ಕೇ ಅರ್ಧ ದುಡ್ಡು ಕೊಡಬಹುದು.

ಬಿಡಿಸಿದ ಲೆಕ್ಕಗಳಲ್ಲಿ ಒಂದನ್ನು ಪೂರ್ತಿ ನೋಡೋಣ, ಅವರು ಹಾರಿಸಿದ ಹೆಜ್ಜೆಗಳನ್ನೂ ಸೇರಿಸಿ. ಟ್ಯಾನ್⁻¹((√(1 + ಎಕ್ಸ್²) − 1)/ಎಕ್ಸ್), ಎಕ್ಸ್ ≠ 0. ಎಕ್ಸ್ = ಟ್ಯಾನ್ ಥೀಟಾ ಎಂದಿಟ್ಟುಕೊಂಡರೆ ಥೀಟಾ = ಟ್ಯಾನ್⁻¹ ಎಕ್ಸ್; ಅದು −ಪೈ/2 ಮತ್ತು ಪೈ/2 ನಡುವೆ, ಸೊನ್ನೆಯಲ್ಲ. √(1 + ಟ್ಯಾನ್² ಥೀಟಾ) = √(ಸೆಕ್² ಥೀಟಾ) = |ಸೆಕ್ ಥೀಟಾ|. ನೋಟ್ಸ್‌ನಲ್ಲಿ ಈ ನಿಲುವುಗೆರೆಗಳಿಲ್ಲ, ನೇರವಾಗಿ ಸೆಕ್ ಥೀಟಾ ಎಂದಿದೆ. ಆ ಅಂತರದಲ್ಲಿ ಕಾಸ್ ಧನ, ಆದ್ದರಿಂದ ಸೆಕ್ ಕೂಡ ಧನ, ಆಮೇಲಷ್ಟೇ ಗೆರೆ ತೆಗೆಯಬಹುದು. ಈಗ (ಸೆಕ್ ಥೀಟಾ − 1)/ಟ್ಯಾನ್ ಥೀಟಾ. ಅಂಶ ಛೇದ ಎರಡನ್ನೂ ಕಾಸ್ ಥೀಟಾದಿಂದ ಗುಣಿಸಿ: (1 − ಕಾಸ್ ಥೀಟಾ)/ಸೈನ್ ಥೀಟಾ. 1 − ಕಾಸ್ ಥೀಟಾ = 2 ಸೈನ್²(ಥೀಟಾ/2), ಸೈನ್ ಥೀಟಾ = 2 ಸೈನ್(ಥೀಟಾ/2) ಕಾಸ್(ಥೀಟಾ/2). ಹೊಡೆದುಹಾಕಿದರೆ ಟ್ಯಾನ್(ಥೀಟಾ/2). ಹೊರಗಿನ ಟ್ಯಾನ್⁻¹ ಇದನ್ನು ಥೀಟಾ/2 ಮಾಡಬೇಕಾದರೆ ಥೀಟಾ/2 ರೇಂಜಿನೊಳಗಿರಬೇಕು. ಅದು −ಪೈ/4 ಮತ್ತು ಪೈ/4 ನಡುವೆ, ಹಾಗಾಗಿ ಸಮಸ್ಯೆ ಇಲ್ಲ. ಉತ್ತರ ½ ಟ್ಯಾನ್⁻¹ ಎಕ್ಸ್. ಎಕ್ಸ್ = 1 ಹಾಕಿ ತಾಳೆ ನೋಡಿ: √2 − 1 ಸುಮಾರು 0.414, ಅದರ ಟ್ಯಾನ್⁻¹ ಪೈ/8. ಸರಿಹೋಯಿತು.

ಹಾರಿಸಿದ ಹೆಜ್ಜೆಯಿಂದ ಇಲ್ಲಿ ಉತ್ತರ ತಪ್ಪಾಗಲಿಲ್ಲ. ಆದರೆ ಅದರ ಜೋಡಿ ಲೆಕ್ಕದಲ್ಲಿ ತಪ್ಪಾಗಿದೆ. ಟ್ಯಾನ್⁻¹((√(1 + ಎಕ್ಸ್²) + 1)/ಎಕ್ಸ್). ಮಧ್ಯದ ಚಿಹ್ನೆಯೊಂದೇ ಬದಲು. ಅದೇ ದಾರಿಯಲ್ಲಿ ಹೋದರೆ ಕಾಟ್(ಥೀಟಾ/2) ಬರುತ್ತದೆ, ಅಂದರೆ ಟ್ಯಾನ್(ಪೈ/2 − ಥೀಟಾ/2), ಆದ್ದರಿಂದ ಪೈ/2 − ½ ಟ್ಯಾನ್⁻¹ ಎಕ್ಸ್ ಎಂದು ಡಬ್ಬಿ ಹಾಕಿದ್ದಾರೆ. ಎಕ್ಸ್ ಧನವಾದಾಗ ಸರಿ. ಎಕ್ಸ್ = −1 ಆದಾಗ ಥೀಟಾ = −ಪೈ/4, ಸೂತ್ರದ ಪ್ರಕಾರ 5ಪೈ/8; ಟ್ಯಾನ್⁻¹ ಪೈ/2 ದಾಟುವುದೇ ಇಲ್ಲ. ನಿಜವಾದ ಬೆಲೆ ಟ್ಯಾನ್⁻¹(−2.414), ಅಂದರೆ −3ಪೈ/8. ಎಕ್ಸ್ ಋಣವಾದಾಗ ಉತ್ತರ −ಪೈ/2 − ½ ಟ್ಯಾನ್⁻¹ ಎಕ್ಸ್. ರೇಂಜ್ ನೋಡುವ ಆ ಒಂದು ಸಾಲು ಬರೆಯುವ ಅಭ್ಯಾಸ ಮೊದಲ ಲೆಕ್ಕದಲ್ಲೇ ಬಿದ್ದಿದ್ದರೆ ಎರಡನೆಯದರಲ್ಲಿ ತಪ್ಪು ತಾನಾಗಿ ಕಾಣುತ್ತಿತ್ತು.

ಅತಿ ಹೆಚ್ಚು ನಷ್ಟ ತರುವ ಲೋಪ 2ಎಕ್ಸ್/(1 + ಎಕ್ಸ್²) ಕುಟುಂಬದಲ್ಲಿದೆ. ಎಕ್ಸ್ = ಟ್ಯಾನ್ ಥೀಟಾ ಹಾಕಿದರೆ 2ಎಕ್ಸ್/(1 + ಎಕ್ಸ್²) ಸೈನ್ 2ಥೀಟಾ, (1 − ಎಕ್ಸ್²)/(1 + ಎಕ್ಸ್²) ಕಾಸ್ 2ಥೀಟಾ, 2ಎಕ್ಸ್/(1 − ಎಕ್ಸ್²) ಟ್ಯಾನ್ 2ಥೀಟಾ. ಮೂರಕ್ಕೂ ತಕ್ಕ ವಿಲೋಮ ಹಾಕಿ, ಮೂರೂ 2 ಟ್ಯಾನ್⁻¹ ಎಕ್ಸ್‌ಗೆ ಸಮ ಎಂದು ಒಂದೇ ಸಾಲಿನಲ್ಲಿ ಬರೆದು ನಕ್ಷತ್ರ ಹಾಕಿದ್ದಾರೆ. ನೆನಪಿಡಲು ಚೆಂದ, ಆದರೆ ಮೂರರ ಷರತ್ತೂ ಬೇರೆ. ಥೀಟಾ −ಪೈ/2 ರಿಂದ ಪೈ/2 ವರೆಗೆ ಓಡಾಡಿದರೆ 2ಥೀಟಾ −ಪೈ ಯಿಂದ ಪೈ ವರೆಗೆ ಹೋಗುತ್ತದೆ. ಸೈನ್⁻¹ ಅದರಲ್ಲಿ ಮಧ್ಯದ ಅರ್ಧವನ್ನು ಮಾತ್ರ ಒಪ್ಪುತ್ತದೆ, ಕಾಸ್⁻¹ ಬಲಗಡೆಯ ಅರ್ಧವನ್ನು ಮಾತ್ರ.

ಆದ್ದರಿಂದ ಸೈನ್⁻¹ ರೂಪಕ್ಕೆ: ಎಕ್ಸ್ −1 ರಿಂದ 1 ರೊಳಗೆ ಇದ್ದರೆ 2 ಟ್ಯಾನ್⁻¹ ಎಕ್ಸ್, ಎಕ್ಸ್ ≥ 1 ಆದರೆ ಪೈ − 2 ಟ್ಯಾನ್⁻¹ ಎಕ್ಸ್, ಎಕ್ಸ್ ≤ −1 ಆದರೆ −ಪೈ − 2 ಟ್ಯಾನ್⁻¹ ಎಕ್ಸ್. ಕಾಸ್⁻¹ ರೂಪಕ್ಕೆ: ಎಕ್ಸ್ ≥ 0 ಆದರೆ 2 ಟ್ಯಾನ್⁻¹ ಎಕ್ಸ್, ಎಕ್ಸ್ ≤ 0 ಆದರೆ −2 ಟ್ಯಾನ್⁻¹ ಎಕ್ಸ್. ಟ್ಯಾನ್⁻¹ ರೂಪಕ್ಕೆ: −1 ಮತ್ತು 1 ನಡುವೆ 2 ಟ್ಯಾನ್⁻¹ ಎಕ್ಸ್, ಎಕ್ಸ್ > 1 ಆದರೆ ಅದರಿಂದ ಪೈ ಕಳೆಯಿರಿ, ಎಕ್ಸ್ < −1 ಆದರೆ ಪೈ ಕೂಡಿಸಿ, ±1 ರಲ್ಲಿ ಛೇದ ಸೊನ್ನೆ, ಬೆಲೆಯೇ ಇಲ್ಲ. ಎಕ್ಸ್ = √3 ಹಾಕಿ ಮೂರನ್ನೂ ಪರೀಕ್ಷಿಸಿ. 2 ಟ್ಯಾನ್⁻¹ √3 = 2ಪೈ/3. ಸೈನ್⁻¹ ರೂಪ ಕೊಡುವುದು ಪೈ/3, ಕಾಸ್⁻¹ ರೂಪ 2ಪೈ/3, ಟ್ಯಾನ್⁻¹ ರೂಪ −ಪೈ/3.

ಇದು ಈ ಅಧ್ಯಾಯದ ಒಂದೆರಡು ಮಾರ್ಕ್ಸಿಗೆ ನಿಲ್ಲುವ ವಿಷಯವಲ್ಲ. ಐದನೇ ಅಧ್ಯಾಯದಲ್ಲಿ ಇದೇ ಫಲನಗಳನ್ನು ಅವಕಲಿಸಬೇಕು (ಡಿಫರೆನ್ಶಿಯೇಟ್ ಮಾಡಬೇಕು). ಸೈನ್⁻¹(2ಎಕ್ಸ್/(1 + ಎಕ್ಸ್²))‌ನ ಅವಕಲನ −1 ಮತ್ತು 1 ನಡುವೆ 2/(1 + ಎಕ್ಸ್²), ಅದರಾಚೆಗೆ −2/(1 + ಎಕ್ಸ್²). ಎಕ್ಸ್ = ±1 ರಲ್ಲಿ ನಕ್ಷೆಗೆ ಮೊನಚು ಬರುತ್ತದೆ, ಅಲ್ಲಿ ಅವಕಲನವೇ ಇಲ್ಲ. ಷರತ್ತು ಮರೆತವರು ಎಲ್ಲ ಕಡೆ 2/(1 + ಎಕ್ಸ್²) ಎಂದು ಬರೆದು ಚಿಹ್ನೆ ತಪ್ಪುತ್ತಾರೆ. ಗಮನಿಸಬೇಕಾದ ಒಂದು ಸಂಗತಿ: ಟ್ಯಾನ್⁻¹ ರೂಪದಲ್ಲಿ ಕೂಡಿಸುವುದೂ ಕಳೆಯುವುದೂ ಸ್ಥಿರಾಂಕ ಪೈ ಆದ್ದರಿಂದ ಅವಕಲನ ±1 ಬಿಟ್ಟು ಎಲ್ಲೆಡೆ 2/(1 + ಎಕ್ಸ್²) ಒಂದೇ.

ಸೈನ್⁻¹(2ಎಕ್ಸ್√(1 − ಎಕ್ಸ್²))‌ನಲ್ಲಿ ನೋಟ್ಸ್ ತಾನೇ ಗೊಂದಲಕ್ಕೆ ಬಿದ್ದಿದೆ. ಒಂದು ಪುಟದಲ್ಲಿ ಎಕ್ಸ್ = ಸೈನ್ ಥೀಟಾ ಹಾಕಿ 2 ಸೈನ್⁻¹ ಎಕ್ಸ್, ಮೂರು ಪುಟ ಬಿಟ್ಟು ಎಕ್ಸ್ = ಕಾಸ್ ಥೀಟಾ ಹಾಕಿ 2 ಕಾಸ್⁻¹ ಎಕ್ಸ್. ಎರಡರಲ್ಲಿ ಯಾವುದು ಸರಿ ಎಂದು ಮಕ್ಕಳು ಕೇಳುವುದು ಸಹಜ. ಎರಡೂ ಸರಿ, ತಮ್ಮ ತಮ್ಮ ಅಂತರದಲ್ಲಿ: ಎಕ್ಸ್ −1/√2 ರಿಂದ 1/√2 ರೊಳಗೆ ಮೊದಲನೆಯದು, 1/√2 ರಿಂದ 1 ರೊಳಗೆ ಎರಡನೆಯದು. ಎಕ್ಸ್ = √3/2 ಹಾಕಿದರೆ ಸೈನ್⁻¹ ಒಳಗೆ √3/2 ಯೇ ಬರುತ್ತದೆ, ಬೆಲೆ ಪೈ/3. 2 ಕಾಸ್⁻¹(√3/2) ಕೂಡ ಪೈ/3. 2 ಸೈನ್⁻¹(√3/2) ಆದರೋ 2ಪೈ/3, ಇಲ್ಲಿಗೆ ಸಲ್ಲದು. ಸೈನ್⁻¹(3ಎಕ್ಸ್ − 4ಎಕ್ಸ್³) = 3 ಸೈನ್⁻¹ ಎಕ್ಸ್ ಎಂಬುದಕ್ಕೂ ಹೀಗೇ −½ ರಿಂದ ½ ಎಂಬ ಗಡಿಯಿದೆ; ½ ರಿಂದ 1 ರವರೆಗೆ ಪೈ − 3 ಸೈನ್⁻¹ ಎಕ್ಸ್.

√(1 + ಎಕ್ಸ್), √(1 − ಎಕ್ಸ್) ಜೋಡಿಯ ಲೆಕ್ಕವನ್ನು ಮಾತ್ರ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಮಾಡಿದ್ದಾರೆ. ಟ್ಯಾನ್⁻¹((√(1 + ಎಕ್ಸ್) − √(1 − ಎಕ್ಸ್))/(√(1 + ಎಕ್ಸ್) + √(1 − ಎಕ್ಸ್))) = ಪೈ/4 − ½ ಕಾಸ್⁻¹ ಎಕ್ಸ್. ಪಠ್ಯಪುಸ್ತಕದಲ್ಲಿ ಎಕ್ಸ್ −1/√2 ರಿಂದ 1 ವರೆಗೆ ಎಂದು ಕೊಟ್ಟಿದೆ. ಎಕ್ಸ್ = ಕಾಸ್ 2ಥೀಟಾ ಹಾಕಿದಾಗ ಥೀಟಾ ಸೊನ್ನೆಯಿಂದ ಪೈ/2, ಪೈ/4 − ಥೀಟಾ ±ಪೈ/4 ಒಳಗೇ ಇರುವುದರಿಂದ ಇದು −1 ರಿಂದ 1 ವರೆಗೆ ಪೂರ್ತಿ ನಿಲ್ಲುತ್ತದೆ. ನೋಟ್ಸ್ ಇದನ್ನು ಹೇಳಿ, ಉತ್ತರವನ್ನು ½ ಸೈನ್⁻¹ ಎಕ್ಸ್ ಎಂದು ಇನ್ನೂ ಚಿಕ್ಕದು ಮಾಡಿದೆ. ಇಷ್ಟು ಜಾಗ್ರತೆ ಗೊತ್ತಿದ್ದವರು ಬೇರೆ ಕಡೆ ಷರತ್ತು ಬಿಟ್ಟಿರುವುದು ಇನ್ನಷ್ಟು ಬೇಸರ ತರಿಸುತ್ತದೆ.

ಒಳಗೆ ವರ್ಗಮೂಲವಿರುವ ಟ್ಯಾನ್⁻¹ √((1 − ಕಾಸ್ ಎಕ್ಸ್)/(1 + ಕಾಸ್ ಎಕ್ಸ್)) ಲೆಕ್ಕದಲ್ಲಿ ಉತ್ತರ ಎಕ್ಸ್/2, ಎಕ್ಸ್ ಸೊನ್ನೆ ಮತ್ತು ಪೈ ನಡುವೆ ಇದ್ದರೆ. ಎಕ್ಸ್ −ಪೈ ಮತ್ತು ಸೊನ್ನೆ ನಡುವೆ ಇದ್ದರೆ ವರ್ಗಮೂಲದಿಂದ ಹೊರಬರುವುದು |ಟ್ಯಾನ್(ಎಕ್ಸ್/2)|, ಉತ್ತರ −ಎಕ್ಸ್/2. ಇಲ್ಲಿ ಷರತ್ತು ಬರೆದಿದ್ದಾರೆ.

ಟ್ಯಾನ್⁻¹ ಎಕ್ಸ್ + ಟ್ಯಾನ್⁻¹ ವೈ ಸೂತ್ರಕ್ಕೆ ಎರಡು ಪುಟ ಮೀಸಲು. ಈಗಿನ ಪಠ್ಯಪುಸ್ತಕದಲ್ಲಿ ಈ ಭಾಗ ಇಲ್ಲ, ಬೋರ್ಡ್ ಪರೀಕ್ಷೆಯೊಂದಕ್ಕೇ ಓದುವವರು ಬಿಡಬಹುದು. ಓದುವವರು ಎಕ್ಸ್‌ವೈ < 1 ಎಂಬ ಷರತ್ತನ್ನು ಬಿಡಬಾರದು. ಟ್ಯಾನ್⁻¹ 2 + ಟ್ಯಾನ್⁻¹ 3 ಕ್ಕೆ ಸೂತ್ರ ಟ್ಯಾನ್⁻¹(−1) = −ಪೈ/4 ಕೊಡುತ್ತದೆ; ಎರಡು ಧನ ಕೋನಗಳ ಮೊತ್ತ ಋಣವಾಗದು. ಇಲ್ಲಿ ಗುಣಲಬ್ಧ 6, ಎರಡೂ ಧನ, ಆದ್ದರಿಂದ ಪೈ ಕೂಡಿಸಿ 3ಪೈ/4.

ತಿದ್ದುಪಡಿಗಳನ್ನು ಸ್ವಂತವಾಗಿ ಪರಿಶೀಲಿಸಿಕೊಳ್ಳಲು ಫೋನಿನಲ್ಲಿ ಜಿಯೋಜೀಬ್ರಾ ಹಾಕಿಕೊಳ್ಳಿ, ಉಚಿತ. ಒಂದು ಸಾಲಿನಲ್ಲಿ ಮೂಲ ಫಲನ, ಮುಂದಿನ ಸಾಲಿನಲ್ಲಿ ನೋಟ್ಸ್‌ನ ಉತ್ತರ. ಎರಡು ನಕ್ಷೆಗಳು ಎಲ್ಲಿಯವರೆಗೆ ಒಂದರ ಮೇಲೊಂದು ಕೂರುತ್ತವೋ ಅಷ್ಟೇ ಆ ಉತ್ತರದ ಗಡಿ. ಸೈನ್⁻¹(2ಎಕ್ಸ್/(1 + ಎಕ್ಸ್²)) ಮತ್ತು 2 ಟ್ಯಾನ್⁻¹ ಎಕ್ಸ್ ಎರಡನ್ನೂ ಬರೆದರೆ, ಎಕ್ಸ್ = 1 ರವರೆಗೆ ಕೂಡಿಕೊಂಡೇ ಬಂದು ಅಲ್ಲಿಂದ ಒಂದು ಕೆಳಗಿಳಿಯುತ್ತದೆ, ಇನ್ನೊಂದು ಮೇಲೇರುತ್ತದೆ. ನಕ್ಷೆ ತೋರಿಸದ ಸಂಗತಿಯೂ ಒಂದಿದೆ: ½ ಟ್ಯಾನ್⁻¹ ಎಕ್ಸ್ ಲೆಕ್ಕದಲ್ಲಿ ಮೂಲ ಫಲನಕ್ಕೆ ಎಕ್ಸ್ = 0 ಯಲ್ಲಿ ಬೆಲೆ ಇಲ್ಲ, ಆದರೆ ಆ ಒಂದು ಬಿಂದುವಿನ ತೂತು ಪರದೆಯಲ್ಲಿ ಕಾಣುವುದಿಲ್ಲ. ಅದನ್ನು ಛೇದ ನೋಡಿಯೇ ತಿಳಿಯಬೇಕು.

ಕೊನೆಯಲ್ಲಿ ಬಹು ಆಯ್ಕೆ ಪ್ರಶ್ನೆಗಳಿವೆ, ಸಿಇಟಿಗೆ ತಯಾರಿ ಮಾಡುವವರಿಗೆ ಉಪಯುಕ್ತ. ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಕ್ಯಾಲ್ಕುಲೇಟರ್ ಇಲ್ಲ. ಬೆಲೆ ಹಾಕಿ ಆಯ್ಕೆಗಳನ್ನು ಹೊಡೆದುಹಾಕುವ ಉಪಾಯವನ್ನು ನೋಟ್ಸ್ ಹೇಳಿಕೊಡುತ್ತದೆ, ಆದರೆ ಎಲ್ಲ ಕಡೆ ಎಕ್ಸ್ = 0 ಅಥವಾ 1 ಹಾಕುತ್ತದೆ. 2 ಟ್ಯಾನ್⁻¹ ಎಕ್ಸ್ ಮತ್ತು ಪೈ − 2 ಟ್ಯಾನ್⁻¹ ಎಕ್ಸ್ ಎರಡಕ್ಕೂ ಎಕ್ಸ್ = 1 ರಲ್ಲಿ ಪೈ/2 ಯೇ ಬರುತ್ತದೆ, ಎರಡನ್ನು ಬೇರ್ಪಡಿಸಲಾಗದು. ಪ್ರಶ್ನೆಯಲ್ಲಿ ಎಕ್ಸ್ > 1 ಎಂದಿದ್ದರೆ √3 ಹಾಕಿ, ಎಕ್ಸ್ ಋಣ ಎಂದಿದ್ದರೆ −1/√3 ಹಾಕಿ. ಕೊಟ್ಟ ಅಂತರದ ಒಳಗಿನ, ಗಡಿಯಲ್ಲದ ಬೆಲೆಯೇ ಬೇಕು.

ಮುದ್ರಣದ ಬಗ್ಗೆ: ಮೂಲ ಪ್ರತಿಯಿಂದ ಪ್ರತಿ, ಆ ಪ್ರತಿಯಿಂದ ಮತ್ತೊಂದು ಪ್ರತಿ ತೆಗೆದದ್ದು ಸಿಕ್ಕರೆ ಮೇಲ್ಬರಹದ −1 ರಲ್ಲಿ ಕಳೆಯುವ ಗೆರೆ ಮಾಸಿಹೋಗಿರುತ್ತದೆ, ≤ ಮತ್ತು < ನಡುವಿನ ವ್ಯತ್ಯಾಸ ಉಳಿಯುವುದಿಲ್ಲ. ದುಡ್ಡು ಕೊಡುವ ಮೊದಲು ಡೊಮೇನ್ ರೇಂಜ್ ಕೋಷ್ಟಕದ ಪುಟ ತೆರೆದು ಸೈನ್⁻¹, ಕೊಸೆಕ್⁻¹, ಟ್ಯಾನ್⁻¹ ಸಾಲುಗಳಲ್ಲಿ −ಪೈ/2 ರ ಕಳೆಯುವ ಚಿಹ್ನೆ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಬೇರೆ ಪ್ರತಿ ಕೇಳಿ, ಅಂಗಡಿಯವರು ಬದಲಿಸಿ ಕೊಡುತ್ತಾರೆ. ಅಂಟು ಬೈಂಡಿಂಗ್ ಬೇಡ, ಇಲ್ಲಿನ ಬೇಸಿಗೆಗೆ ಬೆನ್ನು ಬಿಟ್ಟುಕೊಳ್ಳುತ್ತದೆ. ಸ್ಪೈರಲ್ ಇದ್ದರೆ ಪುಟ ಪೂರ್ತಿ ಮಡಚಿ ಪಕ್ಕದಲ್ಲಿ ಲೆಕ್ಕ ಬಿಡಿಸಬಹುದು. ಒಂದೇ ಬದಿ ಮುದ್ರಣ ಮಾಡಿಸಿಕೊಂಡರೆ ಎದುರಿನ ಖಾಲಿ ಪುಟದಲ್ಲಿ ಷರತ್ತುಗಳನ್ನು ಬರೆದುಕೊಳ್ಳಲು ಜಾಗ ಸಿಗುತ್ತದೆ.